ಕೋಳಿಗೂಡಿನಲ್ಲಿ ತೆರೆದ ಆಸ್ಪತ್ರೆ

ಆಫ್ರಿಕದ ಭೂಪಟದಲ್ಲಿ ಪಶ್ಚಿಮ ಕರಾವಳಿಯ ಮೇಲೆ ಬೆರಳಿಟ್ಟು ಕೆಳಕ್ಕೆ ಸರಿಸುತ್ತ ಬಂದರೆ, ಭೂಮಧ್ಯರೇಖೆ ನೆಲವನ್ನು ಮುಟ್ಟುವ ಜಾಗದಲ್ಲಿ ಗಬಾನ್ ಎಂಬ ದೇಶ ಸಿಗುತ್ತದೆ. ವಿಸ್ತೀರ್ಣದಲ್ಲಿ ಅದು ಕರ್ನಾಟಕಕ್ಕಿಂತ ದೊಡ್ಡದು. ಜನಸಂಖ್ಯೆ ಮಾತ್ರ ಸುಮಾರು 25 ಲಕ್ಷ. ನೆಲದ ಶೇಕಡ 80ಕ್ಕೂ ಹೆಚ್ಚು ಭಾಗ ಇಂದಿಗೂ ಕಾಡು. ಈ ಕಾಡನ್ನು ಸೀಳಿಕೊಂಡು ಸುಮಾರು 1,200 ಕಿಲೋಮೀಟರ್ ಹರಿದು ಅಟ್ಲಾಂಟಿಕ್ ಸಾಗರ ಸೇರುವ ನದಿಯ ಹೆಸರು ಒಗೊವೆ.

ಸಮುದ್ರದ ಕಡೆಯಿಂದ ಈ ನದಿಯ ಮೇಲೆ ಹೊರಟವರಿಗೆ ಮೊದಲು ಕಾಣುವುದು ನೀರು ಮತ್ತು ಹಸಿರು, ಇವೆರಡೇ. ಮರಗಳ ಬೇರುಗಳು ನೀರಿನೊಳಕ್ಕೆ ಇಳಿದಿರುತ್ತವೆ. ಬಳ್ಳಿಗಳು ಮೇಲಿನಿಂದ ಜೋತು ನೀರನ್ನು ಮುಟ್ಟುತ್ತವೆ. ನದಿ ಎಲ್ಲಿ ಮುಗಿಯಿತು, ದಡ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಒಂದು ತಿರುವು ಕಳೆದರೆ ಅಂಥದೇ ಇನ್ನೊಂದು ತಿರುವು. ಹೀಗೆ ಒಳನಾಡಿಗೆ ಸಾಗಿದಾಗ ನದಿಯ ನಡುವಿನ ಒಂದು ದ್ವೀಪದ ಮೇಲೂ ಅದರ ಎರಡೂ ಬದಿಯ ದಡಗಳ ಮೇಲೂ ಹರಡಿಕೊಂಡ ಊರೊಂದು ಎದುರಾಗುತ್ತದೆ. ಅದೇ ಲಾಂಬರೆನೆ. ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಒಂದು ಡಿಗ್ರಿಯಷ್ಟೂ ದೂರವಿಲ್ಲ. ಈಗ ರಾಜಧಾನಿ ಲಿಬ್ರವಿಲ್‌ನಿಂದ ಇಲ್ಲಿಗೆ ಸುಮಾರು 240 ಕಿಲೋಮೀಟರಿನ ರಸ್ತೆ ಇದೆ, ನದಿಗೆ ಸೇತುವೆಯೂ ಇದೆ. ಒಂದು ಶತಮಾನದ ಹಿಂದೆ ನದಿಯೊಂದೇ ದಾರಿ.

1913ರ ಏಪ್ರಿಲ್ 16ರಂದು ಆ ದಾರಿಯಲ್ಲಿ ಒಂದು ಪುಟ್ಟ ಉಗಿದೋಣಿ ಲಾಂಬರೆನೆಗೆ ಬಂದು ನಿಂತಿತು. ಅದರಿಂದ ಇಳಿದವರಲ್ಲಿ 38 ವರ್ಷದ ಒಬ್ಬ ವೈದ್ಯ ಮತ್ತು ಆತನ ಪತ್ನಿ ಇದ್ದರು. ಅವರನ್ನು ಎದುರುಗೊಳ್ಳಲು ಮಿಷನ್ ಶಾಲೆಯ ಹುಡುಗರು ಮರದ ದಿಮ್ಮಿಯನ್ನು ಕೊರೆದು ಮಾಡಿದ ದೋಣಿಗಳಲ್ಲಿ ಬಂದಿದ್ದರು. ಹುಡುಗರು ಹಾಡುತ್ತ, ಪಂದ್ಯ ಕಟ್ಟಿದವರಂತೆ ಹುಟ್ಟು ಹಾಕುತ್ತ, ದಂಪತಿಗಳನ್ನು ಆಂಡೆಂಡೆ ಎಂಬ ಗುಡ್ಡದ ಮೇಲಿನ ಮಿಷನ್ ಠಾಣೆಗೆ ಕರೆದೊಯ್ದರು. ವೈದ್ಯರ ಹೆಸರು ಆಲ್ಬರ್ಟ್ ಶ್ವೈಟ್ಜರ್, ಪತ್ನಿ ಹೆಲೆನ್. ಊರು ಬಿಟ್ಟು ಆ ದಿನಕ್ಕೆ 26 ದಿನಗಳಾಗಿದ್ದವು.

ಮೂವತ್ತರ ನಂತರ ಮತ್ತೆ ವಿದ್ಯಾರ್ಥಿ

ಶ್ವೈಟ್ಜರ್ ಹುಟ್ಟಿದ್ದು 1875ರ ಜನವರಿ 14ರಂದು, ಆಗ ಜರ್ಮನಿಗೆ ಸೇರಿದ್ದ ಆಲ್ಸೇಸ್ ಪ್ರಾಂತದಲ್ಲಿ. ತಂದೆ ಹಳ್ಳಿಯ ಪಾದ್ರಿ. ಮಗ ಸಣ್ಣ ವಯಸ್ಸಿನಲ್ಲೇ ಆರ್ಗನ್ ವಾದ್ಯದಲ್ಲಿ ಪಳಗಿ, ಮುಂದೆ ಬಾಖ್‌ನ ಸಂಗೀತದ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು. ತತ್ತ್ವಶಾಸ್ತ್ರ ಮತ್ತು ಧರ್ಮಶಾಸ್ತ್ರಗಳಲ್ಲಿ ಪದವಿ, ವಿಶ್ವವಿದ್ಯಾನಿಲಯದಲ್ಲಿ ಬೋಧನೆ, ಯೂರೋಪಿನ ನಗರಗಳಲ್ಲಿ ಕಛೇರಿಗಳು—ಬದುಕಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ 21ನೆಯ ವಯಸ್ಸಿನಲ್ಲೇ ಅವರು ಮನಸ್ಸಿನಲ್ಲಿ ಒಂದು ಗೆರೆ ಎಳೆದುಕೊಂಡಿದ್ದರು. ಮೂವತ್ತರವರೆಗೆ ವಿದ್ಯೆ ಮತ್ತು ಸಂಗೀತ. ಅಲ್ಲಿಂದಾಚೆ ಮನುಷ್ಯರಿಗೆ ನೇರವಾಗಿ ಒದಗುವ ಕೆಲಸ.

ಆ ಕೆಲಸ ಯಾವುದೆಂದು ತಿಳಿದದ್ದು 1904ರಲ್ಲಿ, ಪ್ಯಾರಿಸ್ಸಿನ ಮಿಷನರಿ ಸಂಸ್ಥೆಯೊಂದರ ಪತ್ರಿಕೆ ಅವರ ಮೇಜಿನ ಮೇಲೆ ಬಿದ್ದಾಗ. ಗಬಾನ್‌ನಲ್ಲಿ ಕೆಲಸಗಾರರ ಕೊರತೆ ಇದೆ ಎಂಬ ಲೇಖನ ಅದರಲ್ಲಿತ್ತು. ಮಾರನೆಯ ವರ್ಷ ಅವರು ವೈದ್ಯಕೀಯ ಕಾಲೇಜಿಗೆ ವಿದ್ಯಾರ್ಥಿಯಾಗಿ ಸೇರಿದರು. ಪಾಠ ಹೇಳುತ್ತಿದ್ದ ವಿಶ್ವವಿದ್ಯಾನಿಲಯದಲ್ಲೇ ಮೂವತ್ತು ವರ್ಷದ ಅಧ್ಯಾಪಕ ಹದಿಹರೆಯದವರ ಪಕ್ಕದಲ್ಲಿ ಕುಳಿತು ರಸಾಯನಶಾಸ್ತ್ರ, ಅಂಗರಚನಾಶಾಸ್ತ್ರಗಳನ್ನು ಓದಿದ. ಬಂಧುಗಳು, ಸ್ನೇಹಿತರು ಇದನ್ನು ಹುಚ್ಚೆಂದರು. ಹೆಲೆನ್ ಮಾತ್ರ ತಾವೂ ದಾದಿಯ ತರಬೇತಿ ಪಡೆದರು.

ಅಡ್ಡಿ ಇನ್ನೂ ಒಂದಿತ್ತು. ಶ್ವೈಟ್ಜರರ ಧಾರ್ಮಿಕ ವಿಚಾರಗಳು ಮಿಷನ್ನಿನ ಹಿರಿಯರಿಗೆ ಸರಿಕಾಣಲಿಲ್ಲ. ಅಲ್ಲಿ ಹೋಗಿ ತಪ್ಪು ಬೋಧನೆ ಮಾಡಿಬಿಟ್ಟರೆ ಎಂಬ ಭಯ ಅವರಿಗೆ. ತಾನು ವೈದ್ಯನಾಗಿ ಮಾತ್ರ ಹೋಗುತ್ತೇನೆ, ಉಪದೇಶದ ವಿಷಯದಲ್ಲಿ ಮೀನಿನಷ್ಟು ಮೌನವಾಗಿರುತ್ತೇನೆ ಎಂದು ಮಾತುಕೊಟ್ಟ ಮೇಲೆಯೇ ಅನುಮತಿ ಸಿಕ್ಕಿತು. ಆಸ್ಪತ್ರೆಯ ಹಣವನ್ನೂ ಅವರೇ ಹೊಂದಿಸಬೇಕಿತ್ತು. ಕಛೇರಿಗಳಿಂದ, ಪುಸ್ತಕಗಳಿಂದ, ಪರಿಚಿತರ ಮನೆ ಬಾಗಿಲು ತಟ್ಟಿ ಕೂಡಿಸಿದರು. ಔಷಧಿ, ಉಪಕರಣಗಳೆಲ್ಲ ಸೇರಿ 70 ಪೆಟ್ಟಿಗೆಗಳಾದವು.

ಮೊದಲ ದವಾಖಾನೆ

ಲಾಂಬರೆನೆಯಲ್ಲಿ ತಗಡಿನ ಕಟ್ಟಡವೊಂದು ಸಿದ್ಧವಾಗಿರುತ್ತದೆ ಎಂದು ಅವರಿಗೆ ಹೇಳಲಾಗಿತ್ತು. ಬಂದು ನೋಡಿದರೆ ಒಂದು ಕಂಬವೂ ಎದ್ದಿರಲಿಲ್ಲ. ಕಾರಣ ಸರಳ. ಊರಿನ ಗಂಡಸರೆಲ್ಲ ಮರ ಕಡಿಯುವ ಕೂಲಿಗೆ ಹೋಗಿದ್ದರು. ಅಲ್ಲಿ ಸಿಗುವ ಸಂಬಳವನ್ನು ಮಿಷನ್ ಕೊಡಲಾರದು. ಈ ಮರದ ವ್ಯಾಪಾರದ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಲಾಂಬರೆನೆಯ ಕಥೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

ವೈದ್ಯ ಬಂದ ಸುದ್ದಿ ಮಾತ್ರ ನದಿಗುಂಟ ಹರಡಿತ್ತು. ಪೆಟ್ಟಿಗೆಗಳು ತಲಪುವ ಮೊದಲೇ ರೋಗಿಗಳು ತಲಪಿದರು. ಮೊದಮೊದಲು ಮನೆಯ ಮುಂದಿನ ಬಯಲಿನಲ್ಲೇ ಚಿಕಿತ್ಸೆ. ಸಂಜೆಯ ಮಳೆ ಬಂದರೆ ಎಲ್ಲವನ್ನೂ ಎತ್ತಿಕೊಂಡು ಜಗಲಿಗೆ ಓಡಬೇಕು. ಕೊನೆಗೆ ಹಿಂದಿನ ಮಿಷನರಿ ಬಿಟ್ಟುಹೋಗಿದ್ದ ಒಂದು ಕೋಳಿಗೂಡು ಕಣ್ಣಿಗೆ ಬಿತ್ತು. ಕಿಟಕಿ ಇಲ್ಲ, ಛಾವಣಿಯಲ್ಲಿ ತೂತು. ಅದನ್ನು ಗುಡಿಸಿ, ಸುಣ್ಣ ಬಳಿದು, ಗೋಡೆಗೆ ಹಲಗೆ ಹೊಡೆದು ಔಷಧಿ ಜೋಡಿಸಿದರು. ಒಂದು ಹಳೆಯ ಮಂಚ ಹಾಕಿದರು. ದಿನವೂ ಮೂವತ್ತು ನಲವತ್ತು ರೋಗಿಗಳು. ಮೊದಲ ಒಂಬತ್ತು ತಿಂಗಳಲ್ಲಿ ಸುಮಾರು 2,000 ಮಂದಿಯನ್ನು ನೋಡಿದ್ದಾಯಿತು.

ಬಂದ ರೋಗಗಳ ಪಟ್ಟಿ ಉದ್ದವಾಗಿತ್ತು. ಮಲೇರಿಯ, ಕುಷ್ಠರೋಗ, ಆಮಶಂಕೆ, ಆನೆಕಾಲು, ಕಜ್ಜಿ, ಮೂಳೆಯವರೆಗೆ ಇಳಿದ ಕಾಲಿನ ಹುಣ್ಣು. ಇವುಗಳ ಜೊತೆಗೆ ಆ ನಾಡಿನ ನಿದ್ರಾರೋಗ. ಟ್ಸೆಟ್ಸೆ ಎಂಬ ನೊಣ ಕಚ್ಚಿದಾಗ ರಕ್ತಕ್ಕೆ ಸೇರುವ ಒಂದು ಏಕಕೋಶ ಜೀವಿ ಇದಕ್ಕೆ ಕಾರಣ. ಮೊದಲು ಜ್ವರ, ತಲೆನೋವು. ಆಮೇಲೆ ಮಿದುಳಿಗೆ ತಗಲಿ ರೋಗಿ ಎಚ್ಚರವಾಗಿರಲಾರ. ಚಿಕಿತ್ಸೆ ಇಲ್ಲದಿದ್ದರೆ ಸಾವು. ರೋಗದ ಆರಂಭದಲ್ಲಿ ಹಿಡಿಯಬೇಕಾದರೆ ರಕ್ತದ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಆ ಜೀವಿಯನ್ನು ಹುಡುಕಬೇಕು. ಒಂದು ಹನಿಯಲ್ಲಿ ಅದು ಕಾಣದಿದ್ದರೆ ಇಲ್ಲವೆಂದು ಹೇಳುವಂತಿಲ್ಲ. ಇನ್ನೊಂದು ಹನಿ, ಮತ್ತೊಂದು ಹನಿ ನೋಡಬೇಕು. ಹೊರಗೆ ನಲವತ್ತು ಮಂದಿ ಕಾಯುತ್ತಿರುವಾಗ ಒಬ್ಬನ ರಕ್ತಕ್ಕೆ ಅಷ್ಟು ಹೊತ್ತು ಕೊಡುವುದು ಹೇಗೆ? ಬಡವರ ನಡುವೆ ಕೆಲಸ ಮಾಡುವ ವೈದ್ಯನಿಗೆ ಔಷಧಿಯಂತೆ ಸಮಯವೂ ಅಳೆದು ಹಂಚಬೇಕಾದ ಪದಾರ್ಥ.

ಬಾಟಲಿ ಹಿಂದಕ್ಕೆ ಕೊಡಿ

ಪ್ರತಿದಿನ ಬೆಳಿಗ್ಗೆ ಚಿಕಿತ್ಸೆ ಆರಂಭಿಸುವ ಮುನ್ನ ಆಸ್ಪತ್ರೆಯ ನಿಯಮಗಳನ್ನು ಸ್ಥಳೀಯ ಭಾಷೆಗಳಲ್ಲಿ ಕೂಗಿ ಹೇಳುವ ಪದ್ಧತಿ ಇತ್ತು. ವೈದ್ಯರ ಮನೆಯ ಹತ್ತಿರ ಉಗುಳಬಾರದು. ಕಾಯುತ್ತಿರುವವರು ಗಟ್ಟಿಯಾಗಿ ಮಾತಾಡಬಾರದು. ಎಲ್ಲರನ್ನೂ ಬೆಳಿಗ್ಗೆಯೇ ನೋಡಲಾಗದ ಕಾರಣ ಒಂದು ದಿನದ ಊಟ ಜೊತೆಗೆ ತರಬೇಕು. ಅನುಮತಿ ಇಲ್ಲದೆ ರಾತ್ರಿ ಉಳಿಯಬಾರದು. ಔಷಧಿ ಕೊಟ್ಟ ಬಾಟಲಿ, ಡಬ್ಬಿಗಳನ್ನು ತಪ್ಪದೆ ಹಿಂದಕ್ಕೆ ತರಬೇಕು.

ಈ ಕೊನೆಯ ನಿಯಮ ಓದುವವರಿಗೆ ನಗು ತರಿಸಬಹುದು. ಆದರೆ ವರ್ಷದ ಬಹುಕಾಲ ಗಾಳಿಯಲ್ಲಿ ನೀರಿನಂಶ ತುಂಬಿರುವ ಆ ನಾಡಿನಲ್ಲಿ ಕಾಗದದ ಪೊಟ್ಟಣದಲ್ಲಿ ಕಟ್ಟಿದ ಪುಡಿ ಕರಗಿಹೋಗುತ್ತದೆ. ಬಿರಡೆ ಹಾಕಿದ ಗಾಜಿನ ಬಾಟಲಿ ಇಲ್ಲವೆ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲೇ ಔಷಧಿ ಉಳಿಯುವುದು. ಕಾಡಿನ ಹಳ್ಳಿಯಲ್ಲಿ ಅಂಥ ಬಾಟಲಿ ಅಪರೂಪದ ವಸ್ತು. ಮನೆಗೆ ಬಂದರೆ ಯಾರೂ ಹಿಂದಕ್ಕೆ ಕೊಡಲು ಇಷ್ಟಪಡರು. ಸಾವಿರಾರು ಮೈಲಿ ದೂರದ ಯೂರೋಪಿನ ಸ್ನೇಹಿತರಿಗೆ ಶ್ವೈಟ್ಜರ್ ಬರೆದ ಪತ್ರಗಳಲ್ಲಿ ಹಣದ ಜೊತೆಗೆ ಖಾಲಿ ಬಾಟಲಿಗಳ ಬೇಡಿಕೆಯೂ ಇರುತ್ತಿತ್ತು.

ಪ್ರತಿ ರೋಗಿಗೂ ಸಂಖ್ಯೆ ಬರೆದ ಒಂದು ಗುಂಡನೆಯ ರಟ್ಟಿನ ಬಿಲ್ಲೆ. ಅದನ್ನು ನಾರಿನಲ್ಲಿ ಪೋಣಿಸಿ ಕೊರಳಿಗೆ ಕಟ್ಟುತ್ತಿದ್ದರು. ಅದೇ ಸಂಖ್ಯೆಯ ಎದುರು ಪುಸ್ತಕದಲ್ಲಿ ಹೆಸರು, ರೋಗ, ಕೊಟ್ಟ ಔಷಧಿ. ತಿಂಗಳುಗಳ ನಂತರ ಬಂದರೂ ಹಳೆಯ ವಿವರ ಸಿಗುತ್ತಿತ್ತು. ಬಾಟಲಿ ಕಳೆದುಕೊಂಡವರೂ ಈ ಬಿಲ್ಲೆಯನ್ನು ಜೋಪಾನವಾಗಿಟ್ಟುಕೊಂಡು ತರುತ್ತಿದ್ದರಂತೆ. ಔಷಧಿ ಕೊಡುವಾಗ ಹೇಗೆ ಬಳಸಬೇಕೆಂದು ಹಲವು ಸಲ ಹೇಳಿ, ರೋಗಿಯ ಬಾಯಲ್ಲೇ ತಿರುಗಿ ಹೇಳಿಸುವುದು ಇನ್ನೊಂದು ಕ್ರಮ. ಹಾಗೆ ಮಾಡದಿದ್ದರೆ ಕಜ್ಜಿಗೆ ಹಚ್ಚಬೇಕಾದ ಮುಲಾಮು ಹೊಟ್ಟೆಗೆ ಹೋಗುವ ಅಪಾಯವಿತ್ತು.

ಚಿಕಿತ್ಸೆಗೆ ನಿಗದಿಯಾದ ಶುಲ್ಕ ಇರಲಿಲ್ಲ. ಆದರೆ ಗುಣವಾದವರು ತಮ್ಮ ಕೈಲಾದುದನ್ನು ತಂದು ಕೊಡಬೇಕೆಂದು ಶ್ವೈಟ್ಜರ್ ಕೇಳುತ್ತಿದ್ದರು. ಹಣವಿದ್ದವರು ಹಣ, ಇಲ್ಲದವರು ಬಾಳೆಗೊನೆ, ಮೊಟ್ಟೆ, ಕೋಳಿ. ಆ ಬಾಳೆಕಾಯಿ ಮರುದಿನ ದೂರದೂರಿನಿಂದ ಬಂದ ಇನ್ನೊಬ್ಬ ಬಡ ರೋಗಿಯ ಊಟವಾಗುತ್ತಿತ್ತು. ಇದರಿಂದ ಪಡೆದವನು ತಾನೂ ಕೊಟ್ಟವನಾಗುತ್ತಿದ್ದ.

ಜೋಸೆಫ್ ಎಂಬ ಸಹಾಯಕ

ಈ ಎಲ್ಲ ಕೆಲಸಕ್ಕೆ ಬಾಯಿಯಾಗಿ ನಿಂತವರು ಗಲೋವ ಜನಾಂಗದ ಜೋಸೆಫ್ ಅಜೋವಾನಿ. ಅವರು ಮೊದಲು ಅಡುಗೆಯವರು. ಚಿಕಿತ್ಸೆಗೆಂದು ಬಂದವರು ಅಲ್ಲೇ ಕೆಲಸಕ್ಕೆ ನಿಂತರು. ಹಲವು ಭಾಷೆಗಳು ಅವರ ನಾಲಿಗೆಯ ಮೇಲಿದ್ದವು. ದೇಹದ ಭಾಗಗಳನ್ನು ಮಾತ್ರ ಅಡುಗೆಮನೆಯ ಪರಿಭಾಷೆಯಲ್ಲೇ ಹೇಳುತ್ತಿದ್ದರು: ಈತನ ಬಲ ತೊಡೆಮಾಂಸ ನೋಯುತ್ತಿದೆ, ಈಕೆಗೆ ಎಡಗಡೆಯ ಪಕ್ಕೆತುಂಡಿನಲ್ಲಿ ಚಳುಕು—ಹೀಗೆ. ಓದು ಬರಹ ಬರದಿದ್ದರೂ ಔಷಧಿಯ ಕಪಾಟಿನಿಂದ ಕೇಳಿದ ಬಾಟಲಿಯನ್ನು ತಪ್ಪಿಲ್ಲದೆ ತೆಗೆದುಕೊಡುತ್ತಿದ್ದರು. ಚೀಟಿಯ ಮೇಲಿನ ಅಕ್ಷರಗಳ ಆಕಾರವೇ ಅವರಿಗೆ ಗುರುತು.

ಮುಂದೆ ಮಹಾಯುದ್ಧ ಶುರುವಾಗಿ ಹಣ ಬರುವುದು ನಿಂತಾಗ ಶ್ವೈಟ್ಜರ್ ಜೋಸೆಫರ ಸಂಬಳವನ್ನು ಅರ್ಧಕ್ಕೆ ಇಳಿಸಬೇಕಾಯಿತು. ಅಷ್ಟಕ್ಕೆ ದುಡಿಯುವುದು ತಮ್ಮ ಗೌರವಕ್ಕೆ ತಕ್ಕದ್ದಲ್ಲವೆಂದು ಜೋಸೆಫ್ ಕೆಲಸ ಬಿಟ್ಟುಹೋದರು. ಇದನ್ನು ಕೃತಘ್ನತೆ ಎನ್ನುವವರು ಇರಬಹುದು. ಆದರೆ ಶ್ವೈಟ್ಜರ್ ತ್ಯಾಗ ಮಾಡಲೆಂದು ತಾವೇ ಆರಿಸಿಕೊಂಡು ಬಂದವರು. ಜೋಸೆಫ್ ಸಂಬಳಕ್ಕೆ ದುಡಿದು ಬದುಕು ಕಟ್ಟಿಕೊಳ್ಳಬೇಕಾದವರು. ಒಬ್ಬರ ಸೇವೆಯ ಅಳತೆಗೋಲಿನಿಂದ ಇನ್ನೊಬ್ಬರ ದುಡಿಮೆಯನ್ನು ಅಳೆಯಲಾಗದು. ವರ್ಷಗಳ ನಂತರ ವೈದ್ಯರು ಮರಳಿ ಬಂದಾಗ ಜೋಸೆಫ್ ಕೂಡ ಮರಳಿ ಬಂದರು.

ನೋವು ಇಳಿದ ಕೈ

ರೋಗಗಳಲ್ಲಿ ತುರ್ತಿನದು ಹರ್ನಿಯಾ. ಹೊಟ್ಟೆಯ ಗೋಡೆಯ ಸಡಿಲವಾದ ಜಾಗದಲ್ಲಿ ಕರುಳು ಹೊರಕ್ಕೆ ನುಗ್ಗಿ ಸಿಕ್ಕಿಹಾಕಿಕೊಂಡರೆ ಅದಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಕೆಲವು ದಿನಗಳ ತೀವ್ರ ಯಾತನೆ, ಆಮೇಲೆ ಸಾವು. ಶಸ್ತ್ರಚಿಕಿತ್ಸೆ ಮಾಡಬಲ್ಲ ಕೈ ಇಲ್ಲದ ಕಾಲದಲ್ಲಿ ಗುಡಿಸಲಿನ ಮರಳಿನ ಮೇಲೆ ಹೊರಳಾಡಿ ಸಾಯುವವರನ್ನು ಹಳ್ಳಿಯವರು ಬಾಲ್ಯದಿಂದ ನೋಡಿದ್ದರು. 1913ರ ಆಗಸ್ಟ್ ತಿಂಗಳಲ್ಲಿ ಅಂಥ ಮೊದಲ ರೋಗಿಯನ್ನು ಕರೆತಂದಾಗ ಶಸ್ತ್ರಚಿಕಿತ್ಸೆಗೆ ಕೋಣೆ ಇರಲಿಲ್ಲ. ಮಿಷನ್ ಶಾಲೆಯ ಹುಡುಗರ ಮಲಗುವ ಕೋಣೆಯನ್ನೇ ತೆರವು ಮಾಡಿಕೊಟ್ಟರು. ಇಂಥ ಶಸ್ತ್ರಚಿಕಿತ್ಸೆಗಳಲ್ಲಿ ಅರಿವಳಿಕೆ ನೋಡಿಕೊಳ್ಳುವುದು ಹೆಲೆನ್ ಅವರ ಪಾಲು. ಉಪಕರಣಗಳನ್ನು ಕೊಡುವುದು ಉದ್ದನೆಯ ರಬ್ಬರ್ ಕೈಚೀಲ ತೊಟ್ಟ ಜೋಸೆಫರ ಪಾಲು.

ಮಂಪರು ಇಳಿದು ಕಣ್ಣುಬಿಟ್ಟ ರೋಗಿ ಸುತ್ತ ನೋಡಿ, ನೋವಿಲ್ಲವಲ್ಲ ಎಂದು ಮತ್ತೆ ಮತ್ತೆ ಹೇಳುತ್ತ ವೈದ್ಯರ ಕೈಯನ್ನು ಹಿಡಿದು ಬಿಡದೆ ಇರುತ್ತಿದ್ದ ಕ್ಷಣಗಳನ್ನು ಶ್ವೈಟ್ಜರ್ ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ನೋವು ಕಂಡು ಅದರಿಂದ ಪಾರಾದವರೆಲ್ಲ ಒಂದೇ ಬಳಗ; ಆ ಬಳಗದವರು ನೋವಿನಲ್ಲಿರುವವರಿಗೆ ಋಣಿಗಳು—ಇದು ಅವರ ವಿಚಾರದ ಸಾರ. ಯೂರೋಪಿನ ಜನ ಆಫ್ರಿಕದ ಜನರಿಗೆ ಮಾಡಿದ ಅನ್ಯಾಯಗಳನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಆದ್ದರಿಂದ ಇಲ್ಲಿ ಮಾಡುವ ಸೇವೆ ದಾನವಲ್ಲ, ಪ್ರಾಯಶ್ಚಿತ್ತ ಎಂದು ಅವರು ಬರೆದರು.

ಶ್ರೀಮಂತ ಕಾಡು, ಬಡ ಜನ

ಇಷ್ಟು ಹಸಿರಿನ ನಾಡಿನಲ್ಲಿ ಬಡತನ ಏಕೆ? ಮಕ್ಕಳು ಕೇಳಬೇಕಾದ ಪ್ರಶ್ನೆ ಇದು. ಉತ್ತರದ ಒಂದು ಭಾಗ ನದಿಯ ಮೇಲೆಯೇ ತೇಲುತ್ತಿತ್ತು.

ಆ ಕಾಡಿನಲ್ಲಿ ಓಕುಮೆ ಎಂಬ ದೊಡ್ಡ ಮರ ಬೆಳೆಯುತ್ತದೆ. ಇದರ ಕಟ್ಟಿಗೆ ಹಗುರ, ಮೃದು, ನೀರಿನಲ್ಲಿ ತೇಲುತ್ತದೆ. ಪದರ ಪದರವಾಗಿ ಸೀಳಿ ಪ್ಲೈವುಡ್ ಮಾಡಲು ಬಹಳ ಅನುಕೂಲ. ಯೂರೋಪಿನಲ್ಲಿ ಇದಕ್ಕೆ ಬೇಡಿಕೆ ಹೆಚ್ಚಿದಂತೆ ಒಗೊವೆಯ ದಡಗಳಲ್ಲಿ ಕೊಡಲಿಯ ಸದ್ದು ಏರಿತು. ಮರ ಕಡಿದು, ನೀರಿನವರೆಗೆ ಎಳೆದು, ದಿಮ್ಮಿಗಳನ್ನು ಬಳ್ಳಿ ಸರಪಳಿಗಳಿಂದ ಬಿಗಿದು ತೆಪ್ಪ ಕಟ್ಟಿ ಸಮುದ್ರದವರೆಗೆ ತೇಲಿಸುವುದು. ನೀರಿನಲ್ಲಿ ಮುಳುಗುವ ಗಟ್ಟಿ ಮರಗಳನ್ನು ಸಾಗಿಸಬೇಕಾದರೆ ಹಗುರ ದಿಮ್ಮಿಗಳ ನಡುವೆ ಸೇರಿಸಿ ಕಟ್ಟುತ್ತಿದ್ದರು. ಸಾಂದ್ರತೆಯ ಪಾಠವನ್ನು ಪುಸ್ತಕವಿಲ್ಲದೆ ಕಲಿತವರು ಅವರು.

ಈ ಕೆಲಸಕ್ಕೆ ದೂರದ ಹಳ್ಳಿಗಳಿಂದ ಗಂಡಸರು ಬಂದು ಜೌಗಿನ ಶಿಬಿರಗಳಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದರು. ಸೊಳ್ಳೆ, ನೊಣ, ಕೆಟ್ಟ ನೀರು, ಕಾಲಿಗೆ ಗಾಯ. ಆಸ್ಪತ್ರೆಗೆ ಬರುತ್ತಿದ್ದವರಲ್ಲಿ ಇವರು ಬಹಳ ಮಂದಿ. ಇತ್ತ ಊರಿನಲ್ಲಿ ಕಾಡು ಕಡಿದು ತೋಟ ಮಾಡುವ ಕೈಗಳಿಲ್ಲ. ಅಲ್ಲಿನ ಮುಖ್ಯ ಆಹಾರ ಬಾಳೆಕಾಯಿ ಮತ್ತು ಮರಗೆಣಸು. ಮರಗೆಣಸಿನಲ್ಲಿ ಸಯನೈಡ್ ವಿಷ ಹುಟ್ಟಿಸುವ ಅಂಶವಿದೆ. ಆದ್ದರಿಂದ ಗೆಡ್ಡೆಗಳನ್ನು ಹಲವು ದಿನ ನೀರಿನಲ್ಲಿ ನೆನೆಹಾಕಿ, ವಿಷ ಕಳೆದ ಮೇಲೆ ಅರೆದು, ಎಲೆಯಲ್ಲಿ ಸುತ್ತಿ ಬೇಯಿಸಬೇಕು. ನೆಡುವುದರಿಂದ ಎಲೆ ಬಿಚ್ಚುವವರೆಗೆ ತಿಂಗಳುಗಳ ಶ್ರಮ. ಆ ಶ್ರಮ ಕೂಲಿಗೆ ಹೋದಾಗ ಅದರ ಜಾಗಕ್ಕೆ ಹಡಗಿನಲ್ಲಿ ಬಂದ ಅಕ್ಕಿ ಬಂತು. ಕೂಲಿಯ ಹಣ ಅಕ್ಕಿಗೆ, ಬಟ್ಟೆಗೆ, ಹೆಂಡಕ್ಕೆ ಹೋಯಿತು. ತಂಬಾಕಿನ ಎಲೆಯೇ ಎಷ್ಟೋ ಕಡೆ ಚಿಲ್ಲರೆ ನಾಣ್ಯವಾಗಿತ್ತು.

ಇನ್ನೊಂದು ಸಂಗತಿಯನ್ನೂ ಶ್ವೈಟ್ಜರ್ ಗಮನಿಸಿದ್ದರು. ಹಿಂದೆ ಈ ಜನ ಮರದಲ್ಲಿ ಚೆಂದದ ಪಾತ್ರೆಗಳನ್ನು ಕೊರೆಯುತ್ತಿದ್ದರು. ಅಗ್ಗದ ಎನಾಮೆಲ್ ಪಾತ್ರೆ ಬಂದ ಮೇಲೆ ಆ ಕೈಗಾರಿಕೆ ನಿಂತಿತು. ಹಳ್ಳಿಗಳ ಸುತ್ತ ತುಕ್ಕು ಹಿಡಿದ ಪಾತ್ರೆಗಳು ಬಿದ್ದಿರುತ್ತಿದ್ದವು. ಕೊರೆಯಬಲ್ಲ ಕೈಗಳು ಮಾತ್ರ ಮರೆಯಾಗಿದ್ದವು. ಕಿಸೆಯಲ್ಲಿ ಕಾಸಿಲ್ಲದಿರುವುದು ಒಂದು ಬಡತನ. ಕೈಯಲ್ಲಿದ್ದ ವಿದ್ಯೆ ಕಳೆದುಕೊಳ್ಳುವುದು ಅದಕ್ಕಿಂತ ಆಳದ ಬಡತನ. ಅದಕ್ಕೆ ಯಾವ ಬಾಟಲಿಯಲ್ಲೂ ಔಷಧಿ ಇಲ್ಲ.

ರಾತ್ರಿಯ ವಾದ್ಯ

ದಿನದ ಕೆಲಸ ಮುಗಿಸಿ ಶ್ವೈಟ್ಜರ್ ರಾತ್ರಿ ಪಿಯಾನೋ ಮುಂದೆ ಕೂರುತ್ತಿದ್ದರು. ಪ್ಯಾರಿಸ್ಸಿನ ಬಾಖ್ ಸಂಘದವರು ಕೊಟ್ಟ ಕಾಣಿಕೆ ಅದು. ಗೆದ್ದಲು, ತೇವ ತಾಗದಂತೆ ಒಳಗೆಲ್ಲ ಸತು ಹೊದಿಸಿ, ಆರ್ಗನ್ನಿನಂತೆ ಕಾಲಿನಿಂದ ನುಡಿಸುವ ಮೆಟ್ಟುಗಳನ್ನೂ ಜೋಡಿಸಿದ್ದರು. ಕೇಳುವವರು ಯಾರೂ ಇಲ್ಲದ ಆ ಕಾಡಿನಲ್ಲಿ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಬಾಖ್‌ನ ಕೃತಿಗಳ ಅಭ್ಯಾಸ ನಡೆಯುತ್ತಿತ್ತು.

1914ರ ಆಗಸ್ಟ್‌ನಲ್ಲಿ ಯುದ್ಧ ಸುದ್ದಿಯಾಗಿ ಬಂತು. ಗಬಾನ್ ಫ್ರೆಂಚರ ವಸಾಹತು. ಶ್ವೈಟ್ಜರ್ ದಂಪತಿಗಳು ಜರ್ಮನ್ ಪ್ರಜೆಗಳು. ರೋಗಿಗಳನ್ನು ಮುಟ್ಟಬಾರದು ಎಂದು ಕೆಲಕಾಲ ಅವರ ಮನೆಗೇ ಕಾವಲು ಹಾಕಿದರು. ಪ್ರೀತಿಯ ಧರ್ಮವನ್ನು ಹೇಳಲು ಬಂದವರ ದೇಶಗಳೇ ಒಂದನ್ನೊಂದು ಕೊಲ್ಲುತ್ತಿರುವುದನ್ನು ಊರಿನವರು ಬೆರಗಿನಿಂದ ನೋಡಿದರು. 1915ರ ಸೆಪ್ಟೆಂಬರ್‌ನಲ್ಲಿ ರೋಗಿಯೊಬ್ಬರನ್ನು ನೋಡಲು ದೋಣಿಯಲ್ಲಿ ಮೇಲಕ್ಕೆ ಹೋಗುತ್ತಿದ್ದಾಗ, ಸೂರ್ಯ ಮುಳುಗುವ ಹೊತ್ತಿನಲ್ಲಿ ನೀರಾನೆಗಳ ಹಿಂಡಿನ ನಡುವೆ ಸಾಗುತ್ತಿದ್ದ ಶ್ವೈಟ್ಜರ್‌ಗೆ ತಾವು ಬಹುಕಾಲದಿಂದ ಹುಡುಕುತ್ತಿದ್ದ ಮಾತು ಹೊಳೆಯಿತು: ಜೀವದ ಬಗ್ಗೆ ಗೌರವ. ಮುಂದೆ ಅವರ ಇಡೀ ತತ್ತ್ವಚಿಂತನೆಗೆ ಅದೇ ತಳಹದಿಯಾಯಿತು. ಭಾರತೀಯ ಚಿಂತನೆಯನ್ನು ಕುರಿತು 1935ರಲ್ಲಿ ಅವರು ಪ್ರಕಟಿಸಿದ ಪುಸ್ತಕದಲ್ಲಿ ಅಹಿಂಸೆಯ ತತ್ತ್ವಕ್ಕೆ, ವಿಶೇಷವಾಗಿ ಜೈನರು ಅದನ್ನು ಎತ್ತಿಹಿಡಿದ ರೀತಿಗೆ, ದೊಡ್ಡ ಸ್ಥಾನ ಕೊಟ್ಟಿರುವುದು ನಮಗೆ ಆಸಕ್ತಿಯ ಸಂಗತಿ.

1917ರಲ್ಲಿ ದಂಪತಿಗಳನ್ನು ಯುದ್ಧಕೈದಿಗಳಾಗಿ ಫ್ರಾನ್ಸಿಗೆ ಸಾಗಿಸಿದರು. ಬಿಡುಗಡೆಯಾಗುವ ಹೊತ್ತಿಗೆ ಆರೋಗ್ಯ ಕೆಟ್ಟಿತ್ತು, ತಲೆಯ ಮೇಲೆ ಸಾಲವಿತ್ತು. ಆರ್ಗನ್ ಕಛೇರಿ, ಉಪನ್ಯಾಸ, ಪುಸ್ತಕಗಳಿಂದ ಸಾಲ ತೀರಿಸಿ ಲಾಂಬರೆನೆಗೆ ಮರಳುವಾಗ 1924ರ ಏಪ್ರಿಲ್.

ಹಸಿವಿನ ವರ್ಷ

ಏಳು ವರ್ಷಗಳಲ್ಲಿ ಕಾಡು ಆಸ್ಪತ್ರೆಯನ್ನು ನುಂಗಿತ್ತು. ಗರಿ ಹೆಣೆದ ಛಾವಣಿಗಳು ಕೊಳೆತು ಬಿದ್ದಿದ್ದವು. ತಗಡಿನ ಕಟ್ಟಡವೊಂದು ಪೊದೆಗಳ ನಡುವೆ ಉಳಿದಿತ್ತು. ಬೆಳಿಗ್ಗೆ ವೈದ್ಯ, ಮಧ್ಯಾಹ್ನ ಮೇಸ್ತ್ರಿ ಎನ್ನುವಂಥ ದಿನಗಳು ಮತ್ತೆ ಶುರುವಾದವು.

1925ರಲ್ಲಿ ಬರಗಾಲ ಬಂತು. ಮಳೆ ಹೋಗಿ ಬಂದ ಬರವಲ್ಲ, ಮಳೆ ನಿಲ್ಲದೆ ಬಂದ ಬರ. ಅಲ್ಲಿ ಒಣಗಾಲದಲ್ಲಿ ಕಾಡಿನ ತುಂಡು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯ ನೆಲದಲ್ಲಿ ಬಾಳೆ, ಮರಗೆಣಸು ನೆಡುತ್ತಾರೆ. ಒಣಗಾಲದಲ್ಲೂ ಮಳೆ ಸುರಿದಾಗ ಕಡಿದದ್ದು ಸುಡಲಿಲ್ಲ, ನೆಡಲಾಗಲಿಲ್ಲ. ಗಂಡಸರು ಓಕುಮೆ ಕಡಿಯಲು ಹೋಗಿದ್ದರಿಂದ ಬೇರೆ ದಾರಿ ಹುಡುಕುವ ಕೈಗಳೂ ಕಡಿಮೆ. ಮರದ ವ್ಯಾಪಾರ ಉಚ್ಛ್ರಾಯದಲ್ಲಿದ್ದ ಕಾಲದಲ್ಲೇ ಜನ ಉಪವಾಸ ಬಿದ್ದರು. ಅದರ ಬೆನ್ನಿಗೇ ಆಮಶಂಕೆಯ ಪಿಡುಗು ಹಬ್ಬಿತು. ಕಿಕ್ಕಿರಿದ ಆಸ್ಪತ್ರೆಯಲ್ಲಿ ಬೇರೆ ರೋಗಕ್ಕೆ ಬಂದವರಿಗೂ ತಗಲಿತು. ಕೆಟ್ಟ ನೀರು ತರಬೇಡಿ ಎಂದು ಎಷ್ಟು ಹೇಳಿದರೂ ಕೇಳದ ರೋಗಿಗಳನ್ನು ಕಂಡು ದಣಿದ ಶ್ವೈಟ್ಜರ್ ಒಂದು ದಿನ ಕುರ್ಚಿಯಲ್ಲಿ ಕುಸಿದು, ಇಂಥವರಿಗೆ ವೈದ್ಯ ಮಾಡಲು ಬಂದ ನಾನೆಂಥ ಮೂರ್ಖ ಎಂದು ಒರಟು ಮಾತು ಆಡಿಬಿಟ್ಟರು. ಪಕ್ಕದಲ್ಲಿದ್ದ ಜೋಸೆಫ್ ಶಾಂತವಾಗಿ ಒಪ್ಪಿಕೊಂಡರು: ಭೂಮಿಯ ಮೇಲೆ ನೀವು ದೊಡ್ಡ ಮೂರ್ಖರೇ ಹೌದು, ಸ್ವರ್ಗದಲ್ಲಿ ಮಾತ್ರ ಅಲ್ಲ. ಈ ಪ್ರಸಂಗವನ್ನು ಶ್ವೈಟ್ಜರ್ ಮುಚ್ಚಿಡದೆ ತಾವೇ ಬರೆದಿದ್ದಾರೆ.

ಆ ಸಂಕಟದಿಂದ ಹೊಸ ಆಸ್ಪತ್ರೆ ಹುಟ್ಟಿತು. ನದಿಯ ಮೇಲ್ಭಾಗಕ್ಕೆ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ದೊಡ್ಡ ಜಾಗ ಪಡೆದು, ಕಾಡು ಕಡಿಸಿ, ಮೊದಲು ತೋಟ ಹಾಕಿಸಿದರು. ಹಸಿವಿನ ಪಾಠ ಮರೆತಿರಲಿಲ್ಲ. ಕಟ್ಟಡಗಳನ್ನು ಕಂಬಗಳ ಮೇಲೆ ಎತ್ತರಿಸಿ, ಉದ್ದಕ್ಕೆ, ಅಗಲ ಕಡಿಮೆ ಇಟ್ಟು, ಪೂರ್ವ-ಪಶ್ಚಿಮ ದಿಕ್ಕಿಗೆ ಚಾಚಿ ಕಟ್ಟಿಸಿದರು. ಭೂಮಧ್ಯರೇಖೆಯ ಬಳಿ ಸೂರ್ಯ ವರ್ಷವಿಡೀ ನೆತ್ತಿಯ ಸಮೀಪವೇ ಹಾದುಹೋಗುತ್ತಾನೆ. ಕಟ್ಟಡ ಅವನ ದಾರಿಗುಂಟ ಚಾಚಿದ್ದರೆ ಉದ್ದನೆಯ ಗೋಡೆಗಳಿಗೆ ಬಿಸಿಲು ಹೆಚ್ಚು ಬೀಳುವುದಿಲ್ಲ. ಬೆಳಗಿನ ಮತ್ತು ಸಂಜೆಯ ಬಿಸಿಲು ಮುಖ್ಯವಾಗಿ ಕಿರಿದಾದ ಎರಡು ತುದಿಗಳಿಗೆ ತಾಗುತ್ತದೆ. ವಿದ್ಯುತ್ ಪಂಖವಿಲ್ಲದೆ ತಂಪು ಪಡೆಯುವ ಉಪಾಯ. 1927ರ ಜನವರಿಯಲ್ಲಿ ರೋಗಿಗಳು ಅಲ್ಲಿಗೆ ಸ್ಥಳಾಂತರಗೊಂಡರು.

ಅದು ನೋಡಲು ಆಸ್ಪತ್ರೆಗಿಂತ ಹಳ್ಳಿಯಂತಿತ್ತು. ರೋಗಿಯ ಜೊತೆ ಹೆಂಡತಿ, ಮಕ್ಕಳು, ತಾಯಿ ಬರುತ್ತಿದ್ದರು; ಕಟ್ಟಡದ ಮುಂದೆಯೇ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು. ಮೇಕೆ, ಕೋಳಿಗಳು ನಡುವೆ ಓಡಾಡುತ್ತಿದ್ದವು. ಬಿಳಿ ಹಾಸಿಗೆಯ ಅಪರಿಚಿತ ವಾರ್ಡಿಗೆ ಹೆದರುವವರು ಇಲ್ಲಿಗೆ ಹೆದರದೆ ಬರುತ್ತಾರೆ ಎಂಬುದು ಶ್ವೈಟ್ಜರ್ ಅವರ ವಾದ. 1960ರ ದಶಕದ ಆರಂಭದಲ್ಲಿ ಅಲ್ಲಿ ಉಳಿದು ಚಿಕಿತ್ಸೆ ಪಡೆಯುವವರ ಸಂಖ್ಯೆ 500ನ್ನು ಮೀರಿತ್ತು. 1952ನೆಯ ಸಾಲಿನ ನೊಬೆಲ್ ಶಾಂತಿ ಪ್ರಶಸ್ತಿಯ ಹಣ ಕುಷ್ಠರೋಗಿಗಳಿಗಾಗಿ ಪಕ್ಕದಲ್ಲೇ ಕಟ್ಟಿದ ಬಡಾವಣೆಗೆ ಹೋಯಿತು.

ಅಣ್ಣ ಎಂಬ ಮಾತು

ಲಾಂಬರೆನೆಯನ್ನು ಹೊಗಳಿದವರಂತೆ ಟೀಕಿಸಿದವರೂ ಇದ್ದಾರೆ. ಆ ಟೀಕೆಯನ್ನು ಬಿಟ್ಟು ಈ ಊರಿನ ಕಥೆ ಹೇಳಿದರೆ ಅರ್ಧ ಹೇಳಿದಂತೆ. ಆಫ್ರಿಕದವರು ತನಗೆ ಸೋದರರು ನಿಜ, ಆದರೆ ತಾನು ಅಣ್ಣ ಎಂದು ಶ್ವೈಟ್ಜರ್ ಆರಂಭದ ದಿನಗಳಲ್ಲಿ ಬರೆದಿದ್ದರು. ಅಣ್ಣನಿಗೆ ಪ್ರೀತಿ ಇರುತ್ತದೆ. ಜೊತೆಗೆ ತಮ್ಮ ಎಂದೂ ದೊಡ್ಡವನಾಗನು ಎಂಬ ನಂಬಿಕೆಯೂ ಇರಬಹುದು. ಗಬಾನ್ 1960ರಲ್ಲಿ ಸ್ವತಂತ್ರವಾಯಿತು. ಆಗಲೂ ಆಸ್ಪತ್ರೆಯಲ್ಲಿ ವಿದ್ಯುತ್ ಇದ್ದದ್ದು ಶಸ್ತ್ರಚಿಕಿತ್ಸೆಯ ಕೋಣೆಗೆ ಮಾತ್ರ. ನೈರ್ಮಲ್ಯ ಸಾಲದು, ಊರಿನವರನ್ನು ವೈದ್ಯರ ಮಟ್ಟಕ್ಕೆ ತರಬೇತು ಮಾಡಲಿಲ್ಲ, ಕಾಲ ಇಲ್ಲಿ ನಿಂತುಬಿಟ್ಟಿದೆ ಎಂದು 1950, 60ರ ದಶಕಗಳಲ್ಲಿ ಬಂದುಹೋದ ಹಲವರು ಬರೆದರು. ಅದರಲ್ಲಿ ಸತ್ಯವಿತ್ತು. ನೋವಿನಲ್ಲಿದ್ದಾಗ ಅದೇ ಆಸ್ಪತ್ರೆಯ ಕಡೆಗೆ ದೋಣಿ ತಿರುಗಿಸಿದ ಸಾವಿರಾರು ಜನರ ನಂಬಿಕೆಯೂ ಸತ್ಯ. ಅವರು ಶ್ವೈಟ್ಜರರನ್ನು ಕರೆಯುತ್ತಿದ್ದುದು ದೊಡ್ಡ ಡಾಕ್ಟರು ಎಂದು.

1965ರ ಸೆಪ್ಟೆಂಬರ್ 4ರಂದು, 90ನೆಯ ವಯಸ್ಸಿನಲ್ಲಿ, ಶ್ವೈಟ್ಜರ್ ಲಾಂಬರೆನೆಯಲ್ಲೇ ತೀರಿಕೊಂಡರು. ನದಿ ಕಾಣುವ ಜಾಗದಲ್ಲಿ, ಎಂಟು ವರ್ಷ ಮೊದಲು ತೀರಿಕೊಂಡ ಹೆಲೆನ್ ಅವರ ಚಿತಾಭಸ್ಮವನ್ನು ಹೂತಿಟ್ಟಿದ್ದಲ್ಲಿ, ಅವರಿಗೂ ಸಮಾಧಿ. ಮೇಲೆ ಒಂದು ಸರಳ ಶಿಲುಬೆ.

ಇಂದಿನ ಲಾಂಬರೆನೆ

ಹಳೆಯ ಆಸ್ಪತ್ರೆಯ ಕಟ್ಟಡಗಳು ಈಗ ವಸ್ತುಸಂಗ್ರಹಾಲಯ. ಪಕ್ಕದಲ್ಲೇ 1981ರಲ್ಲಿ ಹೊಸ ಆಸ್ಪತ್ರೆ ಆರಂಭವಾಯಿತು. ಅದೇ ವರ್ಷ ಒಂದು ಪುಟ್ಟ ಸಂಶೋಧನಾಲಯವೂ ಹುಟ್ಟಿ, ಬೆಳೆದು, ಇಂದು ಮಲೇರಿಯ ಕುರಿತ ಅಧ್ಯಯನಕ್ಕೆ ಜಗತ್ತಿನಲ್ಲೇ ಹೆಸರಾಗಿದೆ. ಅಲ್ಲಿ ಆಫ್ರಿಕದ ವಿಜ್ಞಾನಿಗಳೇ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದಾರೆ. ಆರ್‌ಟಿಎಸ್,ಎಸ್ ಎಂಬ ಮಲೇರಿಯ ಲಸಿಕೆಯನ್ನು ಆಫ್ರಿಕದ ಏಳು ದೇಶಗಳ 11 ಕೇಂದ್ರಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ ಲಾಂಬರೆನೆಯೂ ಒಂದು ಕೇಂದ್ರವಾಗಿತ್ತು. 2021ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಲಸಿಕೆಯನ್ನು ಮಕ್ಕಳಿಗೆ ಕೊಡಬಹುದೆಂದು ಶಿಫಾರಸು ಮಾಡಿತು. ಮಲೇರಿಯಕ್ಕೆ ಅಂಥ ಶಿಫಾರಸು ಪಡೆದ ಮೊದಲ ಲಸಿಕೆ ಅದು.

ಮರದ ಕಥೆಗೂ ಒಂದು ತಿರುವು ಬಂತು. 2010ರಲ್ಲಿ ಗಬಾನ್ ಸರ್ಕಾರ ಇಡೀ ದಿಮ್ಮಿಗಳನ್ನು ಹೊರದೇಶಕ್ಕೆ ಮಾರುವುದನ್ನು ನಿಷೇಧಿಸಿತು. ಮರವನ್ನು ಕೊಯ್ದು, ಪದರ ಮಾಡಿ, ಸಾಮಾನು ಮಾಡುವ ಕೆಲಸ ದೇಶದೊಳಗೇ ಆಗಲಿ, ಕೂಲಿಯೂ ಕೌಶಲವೂ ಇಲ್ಲೇ ಉಳಿಯಲಿ ಎಂಬುದು ಉದ್ದೇಶ. ತೈಲದಿಂದ ಆದಾಯ ಬರುವ ಈ ದೇಶದಲ್ಲಿ ಬಡತನ ಇನ್ನೂ ಹೋಗಿಲ್ಲ. ಸಂಪತ್ತಿನ ಹಂಚಿಕೆ ಸಮನಾಗಿಲ್ಲ. ಆದರೆ ಬಡತನದ ಬೇರನ್ನು ಹುಡುಕುವ ಕೆಲಸ ಈಗ ಆ ನಾಡಿನವರ ಕೈಯಲ್ಲೇ ಇದೆ.

ಪರದೇಶದ ಬಡವರ ನಡುವೆ ಸೇವೆ ಮಾಡಿದವರ ಕಥೆಗಳನ್ನು ಮಕ್ಕಳಿಗೆ ಹೇಳುವಾಗ ನಾವು ಸಾಮಾನ್ಯವಾಗಿ ತ್ಯಾಗದ ದೊಡ್ಡ ಮಾತುಗಳನ್ನು ಹೇಳಿ ಮುಗಿಸುತ್ತೇವೆ. ಲಾಂಬರೆನೆಯಲ್ಲಿ ಅದಕ್ಕಿಂತ ಹೆಚ್ಚು ಹೇಳುವುದಿದೆ. ಕೊರಳಿಗೆ ಕಟ್ಟಿದ ರಟ್ಟಿನ ಬಿಲ್ಲೆ, ಬಿಸಿಲಿನ ದಾರಿ ನೋಡಿ ಕಟ್ಟಿದ ಗೋಡೆ, ಅರ್ಧ ಸಂಬಳಕ್ಕೆ ಒಪ್ಪದ ಜೋಸೆಫ್, ಉಪಕಾರಕ್ಕೆ ಬದಲಾಗಿ ತಂದಿಟ್ಟ ಬಾಳೆಗೊನೆ—ಇವನ್ನೂ ಹೇಳಬೇಕು. ಒಂದು ಕಾಲಕ್ಕೆ ಖಾಲಿ ಬಾಟಲಿಗೂ ಯೂರೋಪಿನ ಕಡೆ ಕೈಚಾಚುತ್ತಿದ್ದ ಊರು ಅದು. ಆರ್‌ಟಿಎಸ್,ಎಸ್ ಲಸಿಕೆಯ ಪುಟ್ಟ ಬಾಟಲಿ ಯಾವ ಮಗುವನ್ನು ತಲಪಿದರೂ ಅದರಲ್ಲಿ ಆ ಊರಿನ ದುಡಿಮೆಯೂ ಇದೆ.